ನೆರೆಹೊರೆಯ ಜಮೀನುಗಳ ನಡುವೆ ಬೇಲಿ, ಮರೆ ಮತ್ತು ಮರಗಳ ಅಂತರ: ಕಲ್ಯಾಣಪುರ ಹಾಗೂ ಉಡುಪಿ ಕರಾವಳಿಯ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಸ್ವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರದಲ್ಲಿ ಭತ್ತದ ಗದ್ದೆ, ತೆಂಗಿನ ತೋಟ, ಮಲ್ಲಿಗೆಯ ಅಂಗಳ ಮತ್ತು ಹೊಸ ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ. ರಾಷ್ಟ್ರೀಯ ಹೆದ್ದಾರಿ 66 ಸಂತೆಕಟ್ಟೆಯ ಮೂಲಕ ಹಾದುಹೋಗುವುದರಿಂದ ಈ ಭಾಗದಲ್ಲಿ ಗದ್ದೆಗಳು ಮನೆ ನಿವೇಶನಗಳಾಗುತ್ತಿವೆ. ಹಿಂದೆ ಒಂದು ಬೈಲಿನ ಗದ್ದೆಗಳ ನಡುವೆ ಹುಣಿಯೊಂದೇ ಗಡಿಯಾಗಿತ್ತು. ನೀರು ಹುಣಿಯ ಕಂಡಿಯಿಂದ ಗದ್ದೆಯಿಂದ ಗದ್ದೆಗೆ ಇಳಿದು ತೋಡನ್ನು ಸೇರುತ್ತಿತ್ತು. ಇಂದು ಅದೇ ಜಾಗದಲ್ಲಿ ಕೆಂಪುಕಲ್ಲಿನ ಪಾಗಾರ ಏಳುತ್ತಿದೆ ಅಥವಾ ಸಾಲು ಮರಗಳು ಬೆಳೆಯುತ್ತಿವೆ. ಪಾಗಾರ ಕಟ್ಟಿದವರಿಗೆ ಮರೆ ದೊರೆತರೂ ಪಕ್ಕದ ರೈತನಿಗೆ ಒಂದೋ ನೀರು ನಿಲ್ಲುತ್ತದೆ, ಇಲ್ಲವೇ ಬಿಸಿಲು ತಪ್ಪುತ್ತದೆ. ಒಂದು ಗದ್ದೆಯ ನೀರಿನ ದಾರಿ ಮುಚ್ಚಿದಾಗ ಅದರ ಮೇಲಿನ ಗದ್ದೆಗಳೂ ಸಾಗುವಳಿಗೆ ಒದಗದೆ ಹಡಿಲು ಬೀಳುತ್ತವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗಲೂ ತೋಡುಗಳ ಹೂಳು ತೆಗೆದು ನೀರಿಗೆ ದಾರಿ ಮಾಡಿಕೊಡುವುದು ಮೊದಲ ಕೆಲಸಗಳಲ್ಲಿ ಒಂದಾಗಿತ್ತು.

ಗಡಿಯಲ್ಲಿ ಏನನ್ನು ನೆಡಬೇಕು, ಎಷ್ಟು ದೂರದಲ್ಲಿ ನೆಡಬೇಕು, ಎಷ್ಟು ಎತ್ತರಕ್ಕೆ ಬಿಡಬೇಕು ಮತ್ತು ಕಾನೂನು ಯಾವುದನ್ನು ರಕ್ಷಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ರೈತ ಬಾಂಧವರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ: ಜಮೀನಿನ ನೀರು ಸಹಜವಾಗಿ ಹರಿದುಹೋಗುವ ಹಕ್ಕನ್ನು ಕಾನೂನು ರಕ್ಷಿಸುತ್ತದೆ; ಬೆಳೆಯ ಮೇಲೆ ಬೀಳುವ ಬಿಸಿಲಿಗೆ ಅಂತಹ ರಕ್ಷಣೆ ಇಲ್ಲ. ಆದುದರಿಂದ ಬಿಸಿಲಿನ ವಿಷಯದಲ್ಲಿ ಗಿಡ ನೆಡುವ ಮೊದಲೇ ನೆರೆಯವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದೇ ಉಪಾಯ.

1. ಮೊದಲು ಗಡಿಯನ್ನು ಖಚಿತಪಡಿಸಿಕೊಳ್ಳಿ

ಬೇಲಿಯ ತಕರಾರುಗಳಲ್ಲಿ ಬಹಳಷ್ಟು ಗಡಿಯ ತಕರಾರುಗಳೇ ಆಗಿರುತ್ತವೆ. ಹಳೆಯ ಹುಣಿ, ಅಗಳು ಅಥವಾ ಮರವನ್ನೇ ಗಡಿಯೆಂದು ನಂಬಿ ಬೇಲಿ ಹಾಕಬಾರದು.

• ಪಹಣಿ (ಆರ್‌ಟಿಸಿ), ಸರ್ವೆ ನಕ್ಷೆ ಮತ್ತು ಕ್ರಯಪತ್ರದ ಚೆಕ್ಕುಬಂದಿಯನ್ನು ತಾಳೆ ನೋಡಬೇಕು.
• ಸಂಶಯವಿದ್ದಲ್ಲಿ ಹದ್ದುಬಸ್ತು ಅಳತೆಗಾಗಿ ಭೂಮಾಪನ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ಅಳತೆಯ ದಿನ ನೆರೆಯ ಹಿಡುವಳಿದಾರರು ಹಾಜರಿರುವುದು ಉತ್ತಮ.
• ಗಡಿಕಲ್ಲುಗಳನ್ನು ಕಾಪಾಡುವುದು ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರಂತೆ ಹಿಡುವಳಿದಾರರ ಹೊಣೆ. ಬೇಲಿಯ ಗಿಡಗಳು ಕಲ್ಲನ್ನು ಮುಚ್ಚದಂತೆ ಅಥವಾ ಬೇರಿನಿಂದ ಎತ್ತದಂತೆ ನೋಡಿಕೊಳ್ಳಬೇಕು.
• ಕುಮ್ಕಿ ಜಾಗವು ಸರಕಾರಿ ಜಾಗ. ವರ್ಗದಾರರಿಗೆ ಅಲ್ಲಿ ಸೊಪ್ಪು, ಸೌದೆ ಮುಂತಾದವುಗಳ ಸವಲತ್ತು ಇದೆಯೇ ಹೊರತು ಒಡೆತನವಿಲ್ಲ. ಅದನ್ನು ಸ್ವಂತ ಜಮೀನೆಂದು ತಿಳಿದು ಶಾಶ್ವತ ಪಾಗಾರ ಕಟ್ಟಬಾರದು.
• ನಾಗಬನ ಅಥವಾ ದೈವದ ಬನ ಗಡಿಗೆ ತಾಗಿದ್ದರೆ ಅದರ ಗಿಡಮರಗಳನ್ನು ಕಡಿಯುವ ಮೊದಲು ಸಂಬಂಧಪಟ್ಟ ಕುಟುಂಬಗಳ ಒಪ್ಪಿಗೆ ಪಡೆಯಬೇಕು. ಬನದ ಅಂಚಿನಲ್ಲಿ ನಡೆಯಲು ಜಾಗ ಬಿಟ್ಟು ಬೇಲಿ ಹಾಕುವುದು ಊರಿನ ರೂಢಿಗೂ ಬನದ ಉಳಿವಿಗೂ ಒಳ್ಳೆಯದು.

2. ನೀರಿನ ದಾರಿ

ಉಡುಪಿ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಒಂದೇ ದಿನ 100 ಮಿ.ಮೀ. ಮಳೆ ಬಂದರೆ ಒಂದು ಎಕರೆ ಜಾಗದ ಮೇಲೆ ಬೀಳುವ ನೀರು ಸುಮಾರು 4 ಲಕ್ಷ ಲೀಟರ್. ಕೊಡೆ ಹಿಡಿದಂತೆ ಮೇಲಿನಿಂದ ಕೆಳಗೆ ಹರಡಿಕೊಂಡು ಹರಿಯಬೇಕಾದ ಈ ನೀರಿಗೆ ಕಂಡಿಯಿಲ್ಲದ ಪಾಗಾರ ಅಡ್ಡ ಬಂದರೆ ಮೇಲಿನ ಗದ್ದೆಯಲ್ಲಿ ನೀರು ನಿಂತು ನೇಜಿ ಕೊಳೆಯುತ್ತದೆ. ಪಾಗಾರದ ತಳವೂ ನೆನೆದು ಕುಸಿಯುತ್ತದೆ.

ಭಾರತೀಯ ಈಸ್ಮೆಂಟ್ (ಅನುಭೋಗ ಹಕ್ಕುಗಳ) ಕಾಯ್ದೆ, 1882ರ 7ನೇ ಸೆಕ್ಷನ್ನು ಮೇಲಿನ ಜಮೀನಿನ ಮೇಲೆ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯಲು ಅವಕಾಶವಿರುವುದನ್ನು ಜಮೀನಿನ ಒಡೆಯನ ಸಹಜ ಹಕ್ಕುಗಳಲ್ಲಿ ಒಂದೆಂದು ಹೇಳುತ್ತದೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಈ ಕಾಯ್ದೆ ಆರಂಭದಿಂದಲೇ ಜಾರಿಯಲ್ಲಿದೆ. ಈ ಹಕ್ಕು ಸಹಜ ಹರಿವಿಗೆ ಮಾತ್ರ ಸೀಮಿತ ಎಂಬುದನ್ನು ಮೇಲಿನ ಜಮೀನಿನವರು ನೆನಪಿಡಬೇಕು. ಚಾವಣಿಯ ನೀರನ್ನೋ ಕೊಟ್ಟಿಗೆಯ ಕೊಳಚೆಯನ್ನೋ ಪೈಪಿನಲ್ಲಿ ಒಟ್ಟುಗೂಡಿಸಿ ನೆರೆಯ ಗದ್ದೆಗೆ ಬಿಡಲು ಅದು ಅನುಮತಿ ನೀಡುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು:

• ಗದ್ದೆಯ ಬದಿಯಲ್ಲಿ ಪಾಗಾರ ಅನಿವಾರ್ಯವಾದರೆ ನೆಲಮಟ್ಟದಲ್ಲಿ ನೀರಿನ ಕಂಡಿಗಳನ್ನು ಬಿಡಬೇಕು. ಹಳೆಯ ಹುಣಿಯಲ್ಲಿ ಕಂಡಿ ಇದ್ದ ಜಾಗದಲ್ಲೇ ಹೊಸ ಕಂಡಿಯೂ ಇರಬೇಕು.
• ಕಸ ಸಿಲುಕದಂತೆ ಕಂಡಿಗಳಿಗೆ ಜಾಲರಿ ಅಳವಡಿಸಿ, ಮೇ ಕೊನೆಯ ವಾರದಲ್ಲೂ ದೊಡ್ಡ ಮಳೆಯ ಅನಂತರವೂ ಸ್ವಚ್ಛಗೊಳಿಸಬೇಕು.
• ತೋಡಿನ ಅಂಚಿನಲ್ಲಿ ಬೇಲಿ ಹಾಕುವಾಗ ಹೂಳೆತ್ತುವವರು ನಿಂತು ಕೆಲಸ ಮಾಡುವಷ್ಟು ಜಾಗ ಬಿಡಬೇಕು.
• ಇಳಿಜಾರಿನ ಗಡಿಯಲ್ಲಿ ಲಾವಂಚದ ಸಾಲು ಹಾಕಿದರೆ ನೀರು ನಿಧಾನವಾಗಿ ಹಾದುಹೋಗುತ್ತದೆ, ಮಣ್ಣು ಉಳಿಯುತ್ತದೆ. ಬುಡದಿಂದ ಬುಡಕ್ಕೆ 10ರಿಂದ 15 ಸೆಂ.ಮೀ. ಅಂತರ ಸಾಕು.
• ಸ್ವರ್ಣಾ ನದಿಯ ಉಬ್ಬರ–ಇಳಿತದ ಪ್ರಭಾವವಿರುವ ಭಾಗಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ನದಿಯಂಚಿನಲ್ಲಿ ಮಣ್ಣು ತುಂಬಿಸುವ ಅಥವಾ ಪಾಗಾರ ಕಟ್ಟುವ ಮುನ್ನ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸತಕ್ಕದ್ದು.

3. ಬಿಸಿಲು ಮತ್ತು ನೆರಳಿನ ಲೆಕ್ಕ

ಉಡುಪಿಯು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೂ ಉಳಿದ ಅವಧಿಯಲ್ಲಿ ದಕ್ಷಿಣಕ್ಕೂ ಇರುತ್ತದೆ. ಇದರಿಂದ ನೆರಳಿನ ಉದ್ದವನ್ನು ಲೆಕ್ಕ ಹಾಕಬಹುದು.

• ಜೂನ್ ಮಧ್ಯಾಹ್ನ 10 ಮೀಟರ್ ಎತ್ತರದ ಮರದ ನೆರಳು ದಕ್ಷಿಣಕ್ಕೆ 2 ಮೀಟರಿಗಿಂತ ಕಡಿಮೆ.
• ಡಿಸೆಂಬರ್ ಮಧ್ಯಾಹ್ನ ಅದೇ ಮರದ ನೆರಳು ಉತ್ತರಕ್ಕೆ ಸುಮಾರು 7.5 ಮೀಟರ್.
• ಬೆಳಿಗ್ಗೆ ಅಥವಾ ಸಂಜೆ ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ಮರದ ಎತ್ತರದ ಸುಮಾರು 1.7 ಪಟ್ಟು, ಅಂದರೆ 17 ಮೀಟರ್.

ಮುಂಗಾರು ಭತ್ತಕ್ಕೆ ಮುಖ್ಯವಾಗಿ ಪೂರ್ವ ಮತ್ತು ಪಶ್ಚಿಮ ಗಡಿಯ ಮರಗಳಿಂದ ತೊಂದರೆಯಾಗುತ್ತದೆ. ಸುಗ್ಗಿ ಬೆಳೆ, ಚಳಿಗಾಲದ ತರಕಾರಿ ಮತ್ತು ಮಲ್ಲಿಗೆಗೆ ದಕ್ಷಿಣ ಗಡಿಯ ಮರಗಳೂ ತೊಂದರೆ ಕೊಡುತ್ತವೆ. ಭತ್ತದಲ್ಲಿ ತೆನೆ ಮೂಡುವ ಹಂತದಿಂದ ಕಾಳು ತುಂಬುವವರೆಗೆ ಬೆಳಕು ಕಡಿಮೆಯಾದರೆ ಜೊಳ್ಳು ಹೆಚ್ಚುತ್ತದೆ. ಭೌಗೋಳಿಕ ಸೂಚಿ ಪಡೆದಿರುವ ಉಡುಪಿ ಮಲ್ಲಿಗೆಯನ್ನು ಮನೆಯಂಗಳದಲ್ಲಿ ಕೆಲವೇ ಸೆಂಟ್ಸ್ ಜಾಗದಲ್ಲಿ ಬೆಳೆಯುವ ಕುಟುಂಬಗಳಿಗೆ ದಿನದ ಹೂವೇ ದಿನದ ಆದಾಯ. ನೆರಳು ಬಿದ್ದ ಗಿಡದಲ್ಲಿ ಬಳ್ಳಿ ಉದ್ದವಾಗುತ್ತದೆ, ಮೊಗ್ಗು ಕಡಿಮೆಯಾಗುತ್ತದೆ. ಇಂತಹ ಅಂಗಳದ ದಕ್ಷಿಣಕ್ಕೆ ನೆರೆಯವರು ನೆಟ್ಟ ಸಾಲು ಮರ ನಾಲ್ಕೈದು ವರ್ಷಗಳಲ್ಲಿ ಆ ಮನೆಯ ಆದಾಯವನ್ನೇ ಕುಗ್ಗಿಸಬಲ್ಲುದು.

ಈ ವಿಷಯದಲ್ಲಿ ಕಾನೂನಿನ ಸ್ಥಿತಿ ಹೀಗಿದೆ. ಈಸ್ಮೆಂಟ್ ಕಾಯ್ದೆಯ 15ನೇ ಸೆಕ್ಷನ್ನಿನಂತೆ, ಕಟ್ಟಡವೊಂದು 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಂತೆ ಬೆಳಕು ಮತ್ತು ಗಾಳಿಯನ್ನು ಅನುಭವಿಸಿಕೊಂಡು ಬಂದಿದ್ದರೆ ಅದರ ಮೇಲೆ ಹಕ್ಕು ಸ್ಥಾಪಿತವಾಗುತ್ತದೆ. ಆದರೆ ತೆರೆದ ಜಾಗಕ್ಕೆ ಬರುವ ಬೆಳಕು ಮತ್ತು ಗಾಳಿಯ ಮೇಲೆ ದೀರ್ಘಕಾಲದ ಅನುಭೋಗದಿಂದ ಹಕ್ಕು ಹುಟ್ಟುವುದಿಲ್ಲ ಎಂದು 17ನೇ ಸೆಕ್ಷನ್ನು ಸ್ಪಷ್ಟವಾಗಿ ಹೇಳುತ್ತದೆ. ಹಳೆಯ ಮನೆಯ ಕಿಟಕಿಗೆ ದೊರೆಯಬಹುದಾದ ಈ ರಕ್ಷಣೆ ನೂರು ವರ್ಷ ಉತ್ತ ಗದ್ದೆಗೂ ಮಲ್ಲಿಗೆಯ ಅಂಗಳಕ್ಕೂ ದೊರೆಯದು. ಮರ ಬೆಳೆದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಬದಲು ಸಸಿ ನೆಡುವ ಮೊದಲೇ ಮಾತುಕತೆ ನಡೆಸಬೇಕೆಂದು ಸಲಹೆ ನೀಡುವುದಕ್ಕೆ ಇದೇ ಕಾರಣ.

ಎಲ್ಲಾ ನೆರಳೂ ಹಾನಿಕರವಲ್ಲ. ಅಡಿಕೆ ತೋಟದ ದಕ್ಷಿಣ ಮತ್ತು ಪಶ್ಚಿಮ ಬದಿಯ ಕಾಂಡಗಳು ಇಳಿಬಿಸಿಲಿಗೆ ಸುಟ್ಟು ಸೀಳುತ್ತವೆ. ಅಲ್ಲಿ ಎತ್ತರದ ಮರೆ ಅಗತ್ಯ. ನೆರೆಯವರು ಅಂತಹ ಮರಗಳನ್ನು ಕಡಿಯಲು ಮುಂದಾದರೆ ಒಂದು ವರ್ಷದ ಮುನ್ಸೂಚನೆ ಕೋರಿ, ಅಷ್ಟರಲ್ಲಿ ಸ್ವಂತ ಜಾಗದಲ್ಲಿ ಬೇಗ ಬೆಳೆಯುವ ಗಿಡಗಳನ್ನು ನೆಡಬೇಕು. ಅಲ್ಲಿಯವರೆಗೆ ಕಾಂಡಗಳಿಗೆ ಅಡಿಕೆ ಹಾಳೆ ಅಥವಾ ಸೋಗೆ ಕಟ್ಟಿ ರಕ್ಷಿಸಬಹುದು.

4. ಗಡಿಯಿಂದ ಇರಬೇಕಾದ ಅಂತರ

ಕೆಳಗಿನವು ಗಿಡದ ಹರವು ಮತ್ತು ಬೇರಿನ ಸ್ವಭಾವವನ್ನು ಆಧರಿಸಿದ ಕೃಷಿ ಸಲಹೆಗಳು. ಕಾನೂನು ವಿಧಿಸಿದ ಅಂತರಗಳಲ್ಲ.

• ಕತ್ತರಿಸಿ ನಿಲ್ಲಿಸುವ ಜೀವಂತ ಬೇಲಿ: ಗಡಿಯಿಂದ 60 ಸೆಂ.ಮೀ.ನಿಂದ 1 ಮೀಟರ್ ಒಳಗೆ. ನೆರೆಯವರ ಜಾಗಕ್ಕೆ ಕಾಲಿಡದೆ ಎರಡೂ ಬದಿಯನ್ನು ಸವರಲು ಇದರಿಂದ ಸಾಧ್ಯವಾಗುತ್ತದೆ.
• ಅಡಿಕೆ: 2 ಮೀಟರ್.
• ತೆಂಗು: 4.5 ಮೀಟರ್. ತೋಟದಲ್ಲಿ ಮರದಿಂದ ಮರಕ್ಕೆ 7.5ರಿಂದ 9 ಮೀಟರ್ ಬಿಡುವ ನಾವು ಗಡಿಯಲ್ಲಿ ಅದರ ಅರ್ಧವನ್ನಾದರೂ ಬಿಡಬೇಕು. ಬೆಳಕಿನತ್ತ ವಾಲುವ ಮರದ ಕಾಯಿ ಮತ್ತು ಮಡಲು ನೆರೆಯ ಚಾವಣಿಯ ಮೇಲೆ ಬೀಳುವುದು ಇದರಿಂದ ತಪ್ಪುತ್ತದೆ.
• ಮಾವು, ಹಲಸು: 5ರಿಂದ 6 ಮೀಟರ್.
• ಬಿದಿರು: 5 ಮೀಟರ್, ಗಡಿಯ ಬದಿಗೆ ಅಗಳು ತೋಡಿರಬೇಕು.
• ಅಕೇಶಿಯಾ: ಗಾಳಿಗೆ ಕೊಂಬೆ ಮುರಿದು ಬೀಳುವ ಮರವಾದುದರಿಂದ ಮನೆ, ವಿದ್ಯುತ್ ತಂತಿ ಅಥವಾ ದಾರಿ ಇರುವ ಗಡಿಯಲ್ಲಿ ನೆಡಲೇಬಾರದು.

5. ಉದ್ದೇಶಕ್ಕೆ ತಕ್ಕ ಗಿಡಗಳ ಆಯ್ಕೆ

ಗದ್ದೆ ಮತ್ತು ಮನೆಯ ನಡುವೆ: ಆಡುಸೋಗೆ ಮತ್ತು ಲಕ್ಕಿ ಸೂಕ್ತ. ಆಡುಸೋಗೆಯನ್ನು ದನಕರುಗಳು ಮೇಯುವುದಿಲ್ಲ. ಎರಡೂ ಕಡ್ಡಿಯಿಂದ ಬರುತ್ತವೆ ಮತ್ತು 1.2ರಿಂದ 1.5 ಮೀಟರ್ ಎತ್ತರದಲ್ಲಿ ನಿಲ್ಲಿಸಬಹುದು. ಕುಳಿತವರಿಗೆ ಮರೆಯಾಗುವ ಈ ಎತ್ತರದಿಂದ ಗದ್ದೆಯ ಬಿಸಿಲಿಗೆ ಹೆಚ್ಚಿನ ಅಡ್ಡಿಯಾಗದು.

ಹಸಿರೆಲೆ ಗೊಬ್ಬರಕ್ಕಾಗಿ: ಗ್ಲಿರಿಸಿಡಿಯಾ. ಸುಮಾರು 1 ಮೀಟರ್ ಉದ್ದದ ಬಲಿತ ಗೂಟಗಳನ್ನು ಮುಂಗಾರಿನ ಆರಂಭದಲ್ಲಿ 50 ಸೆಂ.ಮೀ. ಅಂತರದಲ್ಲಿ ನೆಡಬೇಕು. ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಬಾರಿ ಸವರಿ ಸೊಪ್ಪನ್ನು ತೆಂಗಿನ ಬುಡಕ್ಕೆ ಅಥವಾ ಗದ್ದೆಗೆ ಹಾಕಬಹುದು. ಸವರದೆ ಬಿಟ್ಟರೆ ಇದೇ ಬೇಲಿ ಮರಗಳ ಸಾಲಾಗಿ ನೆರೆಯವರಿಗೆ ನೆರಳಾಗುತ್ತದೆ.

ಹೆದ್ದಾರಿಯ ಧೂಳು ಮತ್ತು ಸದ್ದಿಗೆ: ಎರಡು ಸಾಲಿನ ಮರೆ ಬೇಕು. ರಸ್ತೆಯ ಬದಿಗೆ ಬುಡದಿಂದಲೇ ಎಲೆ ತುಂಬಿರುವ ದಾಸವಾಳದಂತಹ ಗಿಡ, ಒಳಬದಿಗೆ ಹೊಂಗೆಯಂತಹ ಮರ ಇರಲಿ. ಗಿಡದ ಸಾಲು ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸದ್ದನ್ನು ತಗ್ಗಿಸುವುದು ಅಲ್ಪ. ದಾಸವಾಳಕ್ಕೆ ಹಿಟ್ಟುತಿಗಣೆ ಬರುವುದರಿಂದ ಬೆಂಡೆ ಅಥವಾ ಬದನೆಯ ಪಕ್ಕದಲ್ಲಿ ಅದನ್ನು ನೆಡದಿರುವುದು ಲೇಸು.

ಕಡಲ ಮತ್ತು ನದಿಯ ಉಪ್ಪುಗಾಳಿಗೆ: ಹೊನ್ನೆ, ಹೊಂಗೆ, ಗಾಳಿಮರ ಮತ್ತು ಕೇದಗೆ ತಾಳಿಕೊಳ್ಳುತ್ತವೆ. ಗಾಳಿಯ ಅರ್ಧದಷ್ಟನ್ನು ಸೋಸಿ ಬಿಡುವ ಸಾಲು ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ರಕ್ಷಣೆ ಕೊಡುತ್ತದೆ. ಗಟ್ಟಿ ಗೋಡೆಯ ಹಿಂದೆ ಗಾಳಿ ಸುಳಿಯಾಗಿ ಬೀಳುವುದರಿಂದ ಬೆಳೆ ಹೆಚ್ಚು ಮಲಗುತ್ತದೆ.

ಕೊಟ್ಟಿಗೆ, ಕೋಳಿಗೂಡು, ಗೊಬ್ಬರದ ಗುಂಡಿಗೆ: ಗಿಡದ ಮರೆ ನೋಟವನ್ನು ತಡೆಯುತ್ತದೆ. ವಾಸನೆಯನ್ನು ಪೂರ್ಣವಾಗಿ ತಡೆಯದು, ಬಾವಿಗೆ ಇಂಗುವ ಕೊಳಚೆಯನ್ನಂತೂ ತಡೆಯಲಾರದು. ಗೊಬ್ಬರದ ಗುಂಡಿ ತಮ್ಮ ಮತ್ತು ನೆರೆಯವರ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಬೇಕು.

ನೆಡಬಾರದವು: ಕಣಗಿಲೆಯ ಎಲ್ಲಾ ಭಾಗಗಳೂ ದನಕರುಗಳಿಗೆ ವಿಷ. ಕಾಡುಹರಳಿನ ಬೀಜ ಮಕ್ಕಳಿಗೆ ಅಪಾಯಕಾರಿ. ಲಂಟಾನ ಹಬ್ಬಿ ಪಕ್ಕದ ಜಮೀನನ್ನೂ ಆವರಿಸುತ್ತದೆ.

6. ನಿರ್ವಹಣೆಯ ವೇಳಾಪಟ್ಟಿ

• ಏಪ್ರಿಲ್–ಮೇ: ಗಡಿಕಲ್ಲುಗಳ ಪರಿಶೀಲನೆ, ಒಣ ಹಾಗೂ ವಾಲಿದ ಕೊಂಬೆಗಳನ್ನು ತೆಗೆಯುವುದು, ಕಂಡಿ ಮತ್ತು ತೋಡುಗಳ ಸ್ವಚ್ಛತೆ.
• ಜೂನ್: ಕಡ್ಡಿ ಮತ್ತು ಸಸಿಗಳ ನಾಟಿ, ಸತ್ತ ಗಿಡಗಳ ಜಾಗ ತುಂಬುವುದು.
• ಆಗಸ್ಟ್: ಮುಂಗಾರು ಭತ್ತ ತೆನೆ ಕಟ್ಟುವ ಮೊದಲು ಬೇಲಿಯನ್ನು ಸವರುವುದು. ಬುಡದ ಕಳೆ ತೆಗೆದರೆ ಇಲಿಗಳಿಗೆ ಆಶ್ರಯ ತಪ್ಪುತ್ತದೆ.
• ನವೆಂಬರ್: ದಕ್ಷಿಣ ಗಡಿಯ ಬೇಲಿಯನ್ನು ತಗ್ಗಿಸುವುದು, ಎಳೆಯ ಗಿಡಗಳ ಬುಡಕ್ಕೆ ಮುಚ್ಚಿಗೆ.

7. ಗಡಿ ದಾಟಿದ ಕೊಂಬೆ ಮತ್ತು ಅಪಾಯದ ಮರ

ಗಡಿ ದಾಟಿ ಬಂದ ಕೊಂಬೆಯ ಬಗ್ಗೆ ಮೊದಲು ಮರದ ಒಡೆಯರಿಗೆ ತಿಳಿಸಿ, ಅವರೇ ಕಡಿಸುವಂತೆ ಕೇಳಬೇಕು. ಅವರ ಒಪ್ಪಿಗೆಯಿಲ್ಲದೆ ಅವರ ಜಾಗಕ್ಕೆ ಹೋಗಿ ಕಡಿಯುವುದು, ಬುಡಕ್ಕೆ ರಾಸಾಯನಿಕ ಹಾಕುವುದು ಅಥವಾ ತೊಗಟೆ ಸುಲಿಯುವುದು ಸಲ್ಲದು. ಕಡಿದ ಕೊಂಬೆ ಮತ್ತು ಕಾಯಿಗಳನ್ನು ಮರದ ಒಡೆಯರಿಗೇ ಒಪ್ಪಿಸಬೇಕು.

ಮರವನ್ನೇ ಕಡಿಯುವುದಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿಮರ, ಗ್ಲಿರಿಸಿಡಿಯಾ, ರಬ್ಬರ್, ಸಿಲ್ವರ್ ಓಕ್ ಮೊದಲಾದವುಗಳಿಗೆ ವಿನಾಯಿತಿ ಇದೆ. ವಿನಾಯಿತಿಯ ಪಟ್ಟಿ ತಿದ್ದುಪಡಿಯಾಗುತ್ತಿರುವುದರಿಂದ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಬೀಳುವ ಸ್ಥಿತಿಯಲ್ಲಿದ್ದು ನೆರೆಯವರಿಗೆ ಅಥವಾ ದಾರಿಹೋಕರಿಗೆ ಅಪಾಯ ಒಡ್ಡುವ ಮರದ ಬಗ್ಗೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಸೆಕ್ಷನ್ನು ಅಂತಹ ಮರವನ್ನು ತೆಗೆಯಲು ಅಥವಾ ಅದಕ್ಕೆ ಆಧಾರ ಕೊಡಲು ಆದೇಶಿಸುವ ಅಧಿಕಾರವನ್ನು ಅವರಿಗೆ ನೀಡಿದೆ. ಮಳೆಗಾಲ ಆರಂಭವಾಗುವ ಮೊದಲೇ, ಛಾಯಾಚಿತ್ರಗಳೊಂದಿಗೆ ಅರ್ಜಿ ಕೊಡುವುದು ಸೂಕ್ತ.

8. ನೆಡುವ ಮೊದಲು ಒಪ್ಪಂದ

ಎರಡೂ ಕಡೆಯವರು ಗಡಿಯಲ್ಲಿ ಜೊತೆಯಾಗಿ ನಡೆದು, ಕೆಳಗಿನ ಅಂಶಗಳನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಬೇಕು.

(ಅ) ಗಡಿಯ ಸರ್ವೆ ನಂಬ್ರ, ಗಡಿಕಲ್ಲುಗಳ ಸ್ಥಾನ ಮತ್ತು ಕೈನಕ್ಷೆ.
(ಆ) ಬೇಲಿ ಯಾರ ಜಾಗದಲ್ಲಿದೆ, ಗಡಿಯಿಂದ ಎಷ್ಟು ಒಳಗಿದೆ.
(ಇ) ಯಾವ ಗಿಡ, ಗರಿಷ್ಠ ಎತ್ತರ ಎಷ್ಟು. ದಕ್ಷಿಣ ಗಡಿಗೆ ಬೇರೆ ಎತ್ತರ ನಮೂದಿಸಬೇಕು.
(ಈ) ವರ್ಷಕ್ಕೆ ಎಷ್ಟು ಬಾರಿ, ಯಾವ ತಿಂಗಳಲ್ಲಿ, ಯಾರ ಖರ್ಚಿನಲ್ಲಿ ಸವರಬೇಕು.
(ಉ) ಸೊಪ್ಪು, ಕಾಯಿ ಮತ್ತು ಸೌದೆ ಯಾರಿಗೆ ಸೇರಬೇಕು.
(ಊ) ನೀರಿನ ಕಂಡಿ ಮತ್ತು ತೋಡಿನ ನಿರ್ವಹಣೆ ಯಾರ ಹೊಣೆ.
(ಋ) ಹುಣಿಯ ಮೇಲಿನ ಕಾಲುದಾರಿ, ಟಿಲ್ಲರ್ ಮತ್ತು ಕಟಾವು ಯಂತ್ರದ ದಾರಿ ಉಳಿಯುತ್ತದೆಯೇ.

ಇಂತಹ ಪತ್ರವು ಸಹಿ ಮಾಡಿದವರ ನಡುವಿನ ತಿಳಿವಳಿಕೆಗೆ ಸಾಕು. ಜಮೀನು ಮಾರಾಟವಾದ ಮೇಲೆ ಹೊಸ ಒಡೆಯರಿಗೂ ಅನ್ವಯಿಸಬೇಕಾದರೆ ವಕೀಲರ ಸಲಹೆ ಪಡೆದು ನೋಂದಾಯಿಸುವುದು ಲೇಸು. ಗದ್ದೆಯ ಪಕ್ಕದಲ್ಲಿ ನಿವೇಶನ ಕೊಂಡವರು ಹೆಚ್ಚಾಗಿ ಹೊರ ಊರುಗಳಲ್ಲಿ ಅಥವಾ ವಿದೇಶದಲ್ಲಿ ಇರುವುದರಿಂದ, ಬೇಲಿ ಸವರುವ ಹೊಣೆ ಹೊತ್ತ ಸ್ಥಳೀಯರೊಬ್ಬರ ಹೆಸರನ್ನೂ ಪತ್ರದಲ್ಲಿ ಬರೆಯಬೇಕು.

ಮಾತುಕತೆ ಫಲಿಸದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಿ, ದಾವೆ ಹೂಡುವ ಮೊದಲೇ ಲೋಕ್ ಅದಾಲತ್ ಮೂಲಕ ರಾಜಿಗೆ ಯತ್ನಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಗಡಿಯ ಬಗ್ಗೆ ಸಲಹೆ ಕೇಳಿದಾಗ ಒಬ್ಬರ ಮಾತನ್ನಷ್ಟೇ ಕೇಳಿ ಗಿಡ ಸೂಚಿಸಬಾರದು. ಗಡಿಯ ಎರಡೂ ಬದಿಯ ಬೆಳೆ, ಇಳಿಜಾರು ಮತ್ತು ದಿಕ್ಕನ್ನು ನೋಡಬೇಕು.
• ಭೇಟಿಯನ್ನು ಸಾಧ್ಯವಾದರೆ ಎರಡು ಬಾರಿ ಮಾಡಬೇಕು: ನೀರಿನ ಹಾದಿ ತಿಳಿಯಲು ಜುಲೈಯಲ್ಲಿ, ನೆರಳಿನ ಉದ್ದ ತಿಳಿಯಲು ಡಿಸೆಂಬರ್‌ನಲ್ಲಿ.
• ಬೈಲಿನ ಒಂದು ಗದ್ದೆ ನಿವೇಶನವಾಗುವ ಸುದ್ದಿ ಬಂದೊಡನೆ ಮೇಲಿನ ಮತ್ತು ಕೆಳಗಿನ ಗದ್ದೆಯವರನ್ನು ಒಟ್ಟಿಗೆ ಕೂರಿಸಿ ಕಂಡಿಗಳ ಜಾಗವನ್ನು ಗುರುತಿಸಿ ಬರೆದಿಡಬೇಕು. ಪಾಗಾರದ ಅಡಿಪಾಯ ಬಿದ್ದ ಮೇಲೆ ಈ ಕೆಲಸ ಕಷ್ಟ.
• ಭೂ ದಾಖಲೆ ಮತ್ತು ಕಾನೂನಿನ ಪ್ರಶ್ನೆಗಳನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಬೇಕು.

ಬೇಲಿಗೆ ಸೂಕ್ತವಾದ ಗಿಡಗಳ ಆಯ್ಕೆ ಮತ್ತು ನಾಟಿಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ನಾಟಿಗೆ ಜೂನ್ ಸಕಾಲವಾದುದರಿಂದ ನೆರೆಯವರೊಡನೆ ಮಾತುಕತೆ ಮತ್ತು ಅಳತೆಯನ್ನು ಏಪ್ರಿಲ್ ಒಳಗೆ ಮುಗಿಸಿಕೊಳ್ಳುವುದು ಒಳಿತು.